ಆರಡಿ ದೂರದ ಅಂಚು

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಹತ್ತಡಿ ಅಗಲದ ಒಂದು ಅಂಗಡಿ ಇದೆ. ಅದರಲ್ಲಿ ಏಳಡಿ ಮಗ ಅಸ್ಲಂನದು, ಮೂರಡಿ ಅಪ್ಪ ನನ್ನೇಸಾಬರದು. ಏಳಡಿಯಲ್ಲಿ ಮೊಬೈಲಿನ ಕವರು, ಚಾರ್ಜರು, ಗಾಜಿನ ಮೇಲೆ ಅಂಟಿಸುವ ಇನ್ನೊಂದು ಗಾಜು. ಮೂರಡಿಯಲ್ಲಿ ಒಂದು ತೇಗದ ಟೇಬಲ್ಲು, ಒಂದು ಬಲ್ಬು ಮತ್ತು ಅರವತ್ತೊಂಬತ್ತು ವರ್ಷದ ನನ್ನೇಸಾಬರು. ಬೋರ್ಡಿನ ಮೇಲೆ ಮಾತ್ರ ಹತ್ತಕ್ಕೆ ಹತ್ತೂ ಅಡಿ ಅಸ್ಲಂನದೇ.

ಹಿಂದೆ ಹೀಗಿರಲಿಲ್ಲ. ರೀಲು ಹಾಕುವ ಕ್ಯಾಮೆರಾಗಳ ಕಾಲದಲ್ಲಿ ಇತ್ತ ಹಿರಿಯೂರಿನಿಂದ ಅತ್ತ ರಾಂಪುರದವರೆಗೆ ಯಾವ ಸ್ಟುಡಿಯೋದವನ ಕ್ಯಾಮೆರಾ ಮುನಿಸಿಕೊಂಡರೂ ಅದು ಟವೆಲ್ಲಿನಲ್ಲಿ ಸುತ್ತಿಕೊಂಡು, ಬಸ್ಸಿನ ಡ್ರೈವರನ ಪಕ್ಕದಲ್ಲಿ ಕೂತು, ನನ್ನೇಸಾಬರ ಟೇಬಲ್ಲಿಗೆ ಬರುತ್ತಿತ್ತು. ನಮ್ಮ ಕಡೆಯ ಅಂದಿನ ಮದುವೆ ಆಲ್ಬಮ್ಮುಗಳನ್ನು ಈಗ ತೆಗೆದು ನೋಡಿದರೆ ಗಂಡಸರೆಲ್ಲ ಗಾಬರಿಬಿದ್ದ ಮೇಕೆಗಳ ಹಾಗೆ ಕಾಣುತ್ತೇವೆ. ಆದರೆ ಮೇಕೆಯ ಗಡ್ಡದ ಕೂದಲನ್ನು ಒಂದೊಂದಾಗಿ ಎಣಿಸಬಹುದು. ಮೇಕೆತನ ನಮ್ಮದು, ಸ್ಪಷ್ಟತೆ ನನ್ನೇಸಾಬರದು.

ಈ ಕ್ಯಾಮೆರಾಗಳ ಹೊಟ್ಟೆಯಲ್ಲಿ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ. ಅದರ ನೆತ್ತಿಯ ಮೇಲೆ ಅಂಚೆಚೀಟಿಯಷ್ಟಗಲದ ಒಂದು ಮಸುಕು ಪರದೆ. ಫೋಕಸಿಂಗ್ ಸ್ಕ್ರೀನ್ ಎಂದು ಅದರ ಹೆಸರು. ಲೆನ್ಸಿನಿಂದ ಬಂದ ಚಿತ್ರ ಕನ್ನಡಿಗೆ ಬಡಿದು ಅಲ್ಲಿ ಮೂಡುತ್ತದೆ, ಫೋಟೋ ತೆಗೆಯುವವನು ನೋಡುವುದು ಅದನ್ನೇ. ಪರದೆಯ ನಡುವೆ ಒಂದು ಪುಟ್ಟ ವೃತ್ತ. ಫೋಕಸ್ ತಪ್ಪಿದ್ದರೆ ವೃತ್ತದೊಳಗಿನ ಗೆರೆ ಎರಡು ತುಂಡಾಗಿ ಕಾಣುತ್ತದೆ, ಸರಿಯಾದಾಗ ತುಂಡುಗಳು ಕೂಡಿಕೊಳ್ಳುತ್ತವೆ. ಆ ಪರದೆ ಒಂದು ಕೂದಲೆಳೆ ಮೇಲೆ ಕೆಳಗೆ ಆದರೂ ಸಾಕು, ಕಣ್ಣಿಗೆ ಸರಿ ಕಂಡದ್ದು ರೀಲಿನಲ್ಲಿ ಮಂಕಾಗಿ ಬೀಳುತ್ತದೆ.

ಅದಕ್ಕೇ ನನ್ನೇಸಾಬರು ರಿಪೇರಿ ಮುಗಿದ ಪ್ರತಿ ಕ್ಯಾಮೆರಾವನ್ನೂ ಟೇಬಲ್ಲಿನ ಅಂಚಿಗೆ ಹೊಡೆದಿದ್ದ ಮರದ ದಿಮ್ಮಿಯ ಮೇಲೆ ಇಟ್ಟು, ಸರಿಯಾಗಿ ಆರಡಿ ದೂರದ ಎದುರು ಗೋಡೆಯನ್ನು ನೋಡುತ್ತಿದ್ದರು. ಆ ಗೋಡೆಗೆ ನಾಲ್ಕು ಮೊಳೆ ಹೊಡೆದು ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚಿನ ಗೇಣುದ್ದದ ತುಂಡೊಂದನ್ನು ಬಿಗಿದಿದ್ದರು. ಕೆಂಪು ಮೈ, ಗೋಪುರದ ಹಾಗೆ ಮೊನೆಮೊನೆಯಾದ ಜರಿ. ಮೊನೆಗೆ ಮೊನೆ ಕೂಡಿದರೆ ಕ್ಯಾಮೆರಾ ಮನೆಗೆ ಹೋಗಬಹುದು. ಅದನ್ನು ಕೊಟ್ಟವನು ಮೊಳಕಾಲ್ಮೂರಿನ ಜಂಪಣ್ಣ, ಬೀದಿಗೆ ಸ್ಟುಡಿಯೋ, ಒಳಗೆ ಮಗ್ಗ ಇಟ್ಟುಕೊಂಡಿದ್ದ ಮನುಷ್ಯ. "ಗೋಡೆ ಮ್ಯಾಲಿನ ಹಲ್ಲಿ ನೋಡಿ ಫೋಕಸ್ ಮಾಡ್ತೀರಲ್ರಿ ಸಾಬ್ರೇ, ಹಲ್ಲಿ ಓಡಿಹೋದ್ರೆ ನನ್ನ ಕ್ಯಾಮೆರಾ ಗತಿ?" ಎಂದು ಕೇಳಿ, ಮುಂದಿನ ವಾರ ಅಂಚು ತಂದಿದ್ದ. ಅದಾಗಿ ಮೂವತ್ತು ಚಿಲ್ಲರೆ ವರ್ಷ. ಅಂಚು ಮಾಸಿರಲಿಲ್ಲ, ಜಂಪಣ್ಣ ತೀರಿಕೊಂಡಿದ್ದ.

ಮಾಸಿದ್ದು ನನ್ನೇಸಾಬರ ಕಣ್ಣು. ಎರಡು ವರ್ಷದ ಹಿಂದೆ ಚಿತ್ರದುರ್ಗದ ಡಾಕ್ಟರು ರೆಪ್ಪೆ ಅಗಲಿಸಿ, ದೀಪ ಬಿಟ್ಟು ನೋಡಿ, "ಲೆನ್ಸ್ ಚೆನ್ನಾಗಿದೆ ಸಾಬ್ರೇ. ಹಿಂದಿನ ಪರದೆ ಸವೆದಿದೆ. ಅದನ್ನ ಬದಲಾಯಿಸೋಕೆ ಬರಲ್ಲ" ಎಂದಿದ್ದರು. ಇಷ್ಟು ಚೆನ್ನಾಗಿ ಅರ್ಥವಾಗುವ ಹಾಗೆ ಮಾತಾಡಿದ ಡಾಕ್ಟರು ನನ್ನೇಸಾಬರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ನೇರ ನೋಡಿದ ಕಡೆ ಒಂದು ಹೊಗೆಯ ಉಂಡೆ. ಪಕ್ಕಗಳಲ್ಲಿ ಮಾತ್ರ ಸ್ವಲ್ಪ ಬೆಳಕು, ಸ್ವಲ್ಪ ಆಕಾರ. ನೋಡಿದ್ದು ಕಾಣದು, ನೋಡದೆ ಬಿಟ್ಟದ್ದು ಅಷ್ಟಿಷ್ಟು ಕಂಡೀತು. ಈ ಸಂಗತಿಯನ್ನು ಅವರು ಹೆಂಡತಿ ಫಾತಿಮಾ ಬೀಗೆ ಮಾತ್ರ ಹೇಳಿದರು. ಮಗನಿಗೆ ಹೇಳಿದರೆ ಮಾರನೆಯ ದಿನವೇ ಟೇಬಲ್ಲು ಬೀದಿಗೆ ಬೀಳುತ್ತದೆಂದು ಗೊತ್ತಿತ್ತು. ಟೇಬಲ್ಲು ಬಿದ್ದ ಮೇಲೆ ತಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎನ್ನುವುದು ಗೊತ್ತಿರಲಿಲ್ಲ.

ಅಸ್ಲಂ ಕೆಟ್ಟವನಲ್ಲ. ಮೊಬೈಲಿನ ಮೇಲೆ ಗಾಜು ಅಂಟಿಸಿದರೆ ಒಳಗೆ ಒಂದು ಗುಳ್ಳೆ ಉಳಿಯದು, ಅಂಥ ಕೈ. ಆದರೆ ಅವನ ಗಿರಾಕಿಗಳು ಟೇಬಲ್ಲಿಗೂ ಗೋಡೆಯ ಅಂಚಿಗೂ ನಡುವೆ ನಿಂತುಬಿಟ್ಟರೆ ನನ್ನೇಸಾಬರು, ಟೇಬಲ್ಲಿನ ಮೇಲೆ ಕ್ಯಾಮೆರಾ ಇಲ್ಲದ ದಿನವೂ, "ತಲೆ ತಗೀರಿ, ತಲೆ" ಎನ್ನುತ್ತಿದ್ದರು. ಹೆಂಗಸರು ಬೆಚ್ಚಿ ಸೆರಗು ಸರಿಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಅಪ್ಪ ಮಗ ಮನೆಯಲ್ಲಿ ಉರ್ದು ಆಡುವವರು. ಅಂಗಡಿಯಲ್ಲಿ ಮಾತ್ರ ಜಗಳವನ್ನೂ ಗಿರಾಕಿಗಳಿಗೆ ಅನುಕೂಲವಾಗಲೆಂದು ಕನ್ನಡದಲ್ಲೇ ಆಡುತ್ತಿದ್ದರು.

"ಅಬ್ಬಾ, ಈ ಟೇಬಲ್ ಮ್ಯಾಲೆ ಕೊನೇ ಕ್ಯಾಮೆರಾ ಬಂದಿದ್ದು ಯಾವಾಗ?" ಎಂದು ಅಸ್ಲಂ ಅಪ್ಪನನ್ನು ಕೇಳಿದ.

"ಬರ್ತಾವೆ."

"ಯಾವಾಗ ಬಂತು ಅಂತ ಕೇಳ್ದೆ."

"ಲಾಕ್‌ಡೌನ್ ಮುಗಿದ ಮ್ಯಾಲೆ ಒಂದು ಬಂದಿತ್ತಲ್ಲ."

"ಅದು ಗುಜರಿ ಅಂಗಡಿ ಅಂತ ತಿಳ್ಕೊಂಡು ಬಂದಿತ್ತು ಚಾಚಾ," ಎಂದ ಬಬ್ಲು. ಈತ ಪಕ್ಕದ ಚಪ್ಪಲಿ ಅಂಗಡಿಯ ಮಾಲೀಕ. ನಲವತ್ತಾಗಿದೆ, ಹೊಟ್ಟೆ ಬಂದಿದೆ, ಹೆಸರೊಂದು ಬೆಳೆದಿಲ್ಲ. ಮಧ್ಯಾಹ್ನ ವ್ಯಾಪಾರ ಇಲ್ಲದಾಗ ಅಸ್ಲಂನ ಸ್ಟೂಲಿನ ಮೇಲೆ ಕೂತು ಲೋಕದ ನ್ಯಾಯ ತೀರಿಸುವುದು ಅವನ ಅಭ್ಯಾಸ.

ಅವತ್ತು ಬಬ್ಲುವಿನ ಎದುರಿಗೇ ಮಾತಾಯಿತು. ಇನ್ನೊಂದು ತಿಂಗಳೊಳಗೆ ಒಂದೇ ಒಂದು ಕ್ಯಾಮೆರಾ ಬಂದು, ನನ್ನೇಸಾಬರು ಅದನ್ನು ಗಿರಾಕಿಯ ಎದುರಿಗೆ ಸರಿಮಾಡಿ ಕೊಟ್ಟರೆ ಟೇಬಲ್ಲು ಅವರು ಇರುವ ತನಕ ಅಲ್ಲೇ. ಇಲ್ಲವಾದರೆ ಬಡಗಿ ಸೂರಪ್ಪ ಬಂದು ಗಾಜಿನ ಕೌಂಟರು ಕೂರಿಸುತ್ತಾನೆ. ಅಸ್ಲಂ ಇದನ್ನು ಹೇಳಿದ್ದು ಕ್ಯಾಮೆರಾ ಬರುವುದಿಲ್ಲ ಎಂಬ ಧೈರ್ಯದ ಮೇಲೆ.

ಇಪ್ಪತ್ತಮೂರನೆಯ ದಿನ ಕ್ಯಾಮೆರಾ ಬಂತು.

ತಂದವನು ಜಂಪಣ್ಣನ ಮಗ ಅಂಜನ್. ಕುದಾಪುರದ ಕ್ಯಾಂಪಸ್ಸೊಂದರಲ್ಲಿ ಕೆಲಸ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅದೇ ಹಳೆಯ ಪದ್ಧತಿಯಂತೆ ಟವೆಲ್ಲಿನ ಗಂಟು. ಈಗ ಕ್ಯಾಂಪಸ್ಸಿನ ಹುಡುಗರಲ್ಲಿ ರೀಲು ಕ್ಯಾಮೆರಾದ ಹುಚ್ಚು ಶುರುವಾಗಿದೆಯಂತೆ. ಇವನು ಅಪ್ಪನ ಟ್ರಂಕಿನಿಂದ ಇದನ್ನು ತೆಗೆದು, ರೀಲು ಹಾಕಿ, ಎರಡು ಫೋಟೋ ತೆಗೆದು, ಮೂರನೆಯದಕ್ಕೆ ಮೊದಲು ಮೆಟ್ಟಿಲ ಮೇಲೆ ಬೀಳಿಸಿದ್ದ.

"ಕನ್ನಡಿ ಅರ್ಧಕ್ಕೆ ನಿಂತೈತೆ ಚಾಚಾ. ಒಳಗಿನ ಸ್ಕ್ರೀನ್ ಒಂದು ಮೂಲೆ ಜಾರಿ ಸಿಕ್ಕಾಕ್ಕೊಂಡೈತೆ. ನಾನೇ ಒಂಚೂರು ಸೂಜಿ ಹಾಕಿ ನೋಡಿದೆ."

"ಸೂಜಿ ಹಾಕಿದ್ಯಾ?"

"ಒಂಚೂರು."

"ನಿಮ್ಮಪ್ಪ ಇಪ್ಪತ್ತು ವರ್ಷ ಇದನ್ನ ಇಟ್ಕೊಂಡಿದ್ದ, ಒಂದಿನ ಉಸಿರು ಸೈತ ಬಿಟ್ಟಿರ್ಲಿಲ್ಲ ಇದರೊಳಗೆ," ಎಂದು ನನ್ನೇಸಾಬರು ಗಂಟು ಬಿಚ್ಚಿದರು. ಬೆರಳು ಆಡಿಸಿದ ಕೂಡಲೇ ಯಾವ ಕ್ಯಾಮೆರಾ ಎಂದು ಗೊತ್ತಾಯಿತು. ತಳದಲ್ಲಿ ಒಂದು ತಿರುಪು ಬೇರೆ ಕಂಪನಿಯದು, ಅವರೇ ಹಾಕಿದ್ದು. "ಸೋಮವಾರ ಸಾಯಂಕಾಲ ಬಾ. ನಿನ್ನ ಎದುರಿಗೇ ಫೋಕಸ್ ತೋರಿಸಿ ಕೊಡ್ತೀನಿ."

ಅಸ್ಲಂ ಮೊಬೈಲು ಒರೆಸುತ್ತಿದ್ದ ಕೈ ನಿಲ್ಲಿಸಿ ಬಬ್ಲುವಿನ ಮುಖ ನೋಡಿದ.

ಭಾನುವಾರ ಫಾತಿಮಾ ಬೀ ಊಟದ ಡಬ್ಬಿ ತಂದವರು ಮನೆಗೆ ಹೋಗಲಿಲ್ಲ. ಟೇಬಲ್ಲಿನ ಪಕ್ಕ ಕೂತು, ತರಕಾರಿ ಹೆಚ್ಚುವವರ ಹಾಗೆ ತಲೆ ಬಗ್ಗಿಸಿ, ಲೆನ್ಸು ಕಳಚಿದ ಕ್ಯಾಮೆರಾದ ಬಾಯಿಯೊಳಗೆ ನೋಡಿ ಮೆಲ್ಲಗೆ ಹೇಳತೊಡಗಿದರು. ಎಡಗಡೆಯ ಮೂಲೆ ಕೆಳಗೆ ಬಿದ್ದಿದೆ. ತಂತಿಯಂಥದ್ದೊಂದು ಡೊಂಕಾಗಿ ಗಾಜಿನ ಮೇಲೆ ಹತ್ತಿ ಕೂತಿದೆ. ಇಷ್ಟು ಸಾಕಾಯಿತು. ಪರದೆಯನ್ನು ಹಿಡಿಯುವ ತಂತಿಯ ಚೌಕಟ್ಟಿನ ಕೊಂಡಿ ಸೂಜಿಯ ಪೆಟ್ಟಿಗೆ ಬಾಗಿತ್ತು. ನನ್ನೇಸಾಬರು ಕಣ್ಣು ಮುಚ್ಚಿಕೊಂಡು, ಚಿಮಟದ ತುದಿಯಿಂದ ಕೊಂಡಿಯನ್ನು ಹುಡುಕಿ, ಅಕ್ಕಿಕಾಳಿನಷ್ಟು ಎತ್ತಿದರು. ಕನ್ನಡಿ ಟಕ್ಕೆಂದು ತನ್ನ ಜಾಗಕ್ಕೆ ಬಿತ್ತು. ಫಾತಿಮಾ ಬೀ ಡಬ್ಬಿಯ ಮುಚ್ಚಳ ತೆರೆದರು. ಸಾಬರು "ಆಮೇಲೆ" ಎಂದರು.

ಸೋಮವಾರ ಕೊಂಡಿ ನೆಟ್ಟಗೆ ಮಾಡುವುದಕ್ಕೆ ಒಂದು ಹೊತ್ತು ಹಿಡಿಯಿತು. ಇನ್ನು ಹೊರಗೆ ತೆಗೆದ ಪರದೆಯ ದೂಳು ಕೊಡವಿ ವಾಪಸು ಕೂರಿಸಬೇಕು. ಅದಕ್ಕೊಂದು ನುಣುಪು ಮೈ, ಒಂದು ಒರಟು ಮೈ. ಒರಟು ಮೈ ಕೆಳಗೆ ಕನ್ನಡಿಯ ಕಡೆಗೇ ಇರಬೇಕು. ತಿರುವಿಹಾಕಿದರೆ ಎಲ್ಲ ಸರಿ ಕಾಣುತ್ತದೆ, ಫೋಟೋ ಮಾತ್ರ ಒಂದೂ ಸರಿ ಬರುವುದಿಲ್ಲ. ಬೆರಳಿನಿಂದ ಮುಟ್ಟಿ ನೋಡುವ ಹಾಗಿಲ್ಲ, ಮುಟ್ಟಿದರೆ ಜಿಡ್ಡಿನ ಗುರುತು ಕೊನೆಯ ತನಕ ಉಳಿಯುತ್ತದೆ. ಕಣ್ಣಿದ್ದವರು ಬೆಳಕಿಗೆ ಹಿಡಿದು ನೋಡುತ್ತಾರೆ. ನನ್ನೇಸಾಬರು ಗಡ್ಡದ ಒಂದು ಕೂದಲು ಕಿತ್ತರು. ಪರದೆಯ ಅಂಚಿನ ಪುಟ್ಟ ಕಿವಿಯನ್ನು ಚಿಮಟದಲ್ಲಿ ಕಚ್ಚಿಸಿ ಎತ್ತಿ ತಮ್ಮ ಕಿವಿಯ ಹತ್ತಿರ ಹಿಡಿದು, ಅದರ ಮೂಲೆಯ ಮೇಲೆ ಆ ಕೂದಲು ಎಳೆದರು. ನುಣುಪು ಮೈ ಸುಮ್ಮನಿತ್ತು. ತಿರುವಿ ಎಳೆದಾಗ 'ಸರ್' ಎಂದಿತು, ಇರುವೆ ಕಾಗದದ ಮೇಲೆ ನಡೆದಷ್ಟು ಸಣ್ಣಗೆ. ಒರಟು ಮೈ ಇದು. ಅದನ್ನು ಕೆಳಗೆ ಮಾಡಿ ಕೂರಿಸಿದರು.

"ಲೇ ಅಸ್ಲಂ, ನಿಮ್ಮಪ್ಪ ಕ್ಯಾಮೆರಾ ಜೊತೆ ಫೋನ್‌ನಾಗೆ ಮಾತಾಡ್ತಾವ್ರೆ," ಎಂದ ಬಬ್ಲು. ನಗುತ್ತಲೇ ಅಂದ. ಆದರೆ ಅಂದ ಮೇಲೆ ಅವನ ನಗು ಸ್ವಲ್ಪ ಹೊತ್ತು ಯೋಚನೆಗೆ ಕೂತಿತು. ಹಿಂದಿನ ದಿನ ಫಾತಿಮಾ ಬೀ ಪಕ್ಕದಲ್ಲಿ ಕೂತು ಗೊಣಗಿದ್ದು, ಇವತ್ತು ಕಿವಿಗೆ ಹಿಡಿದದ್ದು, ಚಹಾದ ಲೋಟಕ್ಕೆ ಕೈ ಚಾಚುವಾಗ ಸಾಬರು ಮೊದಲು ಟೇಬಲ್ಲನ್ನು ತಡವುವುದು. ಚಪ್ಪಲಿ ಮಾರುವವನಿಗೆ ಕಾಲು ಮಾತ್ರ ನೋಡಿ ಮನುಷ್ಯನನ್ನು ಅಳೆಯುವ ಅಭ್ಯಾಸ ಇರುತ್ತದೆ. ಇಳಿಹೊತ್ತಿನ ಅಸರ್ ನಮಾಜಿಗೆಂದು ನನ್ನೇಸಾಬರು ಎದ್ದು ಹೊಸ್ತಿಲನ್ನು ಕಾಲ್ತುದಿಯಿಂದ ಹುಡುಕಿ ಇಳಿದದ್ದನ್ನು ಬಬ್ಲು ಪೂರ್ತಿ ನೋಡಿದ.

ಸಾಬರು ಮಸೀದಿಯಿಂದ ಮರಳುವಷ್ಟರಲ್ಲಿ ಅಂಜನ್ ಬಂದಿದ್ದ. ಟೀ ಅಂಗಡಿಯ ಓಬಯ್ಯ, ಇನ್ನೂ ನಾಲ್ಕೈದು ಜನ ಸೇರಿದ್ದರು. ಬಬ್ಲು "ಸಾಬ್ರ ಡೆಮೋ ಐತೆ, ಬರ್ರಿ" ಎಂದು ಕರೆದು ತಂದಿದ್ದ. ಜನ ಸೇರಿದ್ದು ನನ್ನೇಸಾಬರಿಗೆ ಧ್ವನಿಯಿಂದ ಗೊತ್ತಾಯಿತು, ಖುಷಿಯೇ ಆಯಿತು. ಹಳೆಯ ಕಾಲದಲ್ಲೂ ಹೀಗೇ ಸೇರುತ್ತಿದ್ದರು.

ಅವರು ಕ್ಯಾಮೆರಾವನ್ನು ದಿಮ್ಮಿಯ ಮೇಲೆ ಇಟ್ಟರು. "ತಲೆ ತಗೀರಿ, ತಲೆ," ಎಂದರು. ಎಲ್ಲರೂ ಬಹಳ ಮರ್ಯಾದೆಯಿಂದ ಸರಿದರು. ಬಲಗಣ್ಣು ಕಿಂಡಿಗೆ ಹಚ್ಚಿದರು. ಒಳಗೆ ಹೊಗೆಯ ಉಂಡೆ. ಹೆಬ್ಬೆರಳು ಲೆನ್ಸಿನ ಉಂಗುರವನ್ನು ತಿರುಗಿಸುತ್ತ ಹೋಗಿ, ಮೂವತ್ತು ವರ್ಷದಿಂದ ನಿಲ್ಲುತ್ತಿದ್ದ ಜಾಗದಲ್ಲಿ ತಾನಾಗಿ ನಿಂತಿತು. ಆರಡಿ.

"ಕೂಡ್ತು," ಎಂದರು. "ಮೊನೆಗೆ ಮೊನೆ. ಜಂಪಣ್ಣನ ಜರಿ ಎಳೆ ಎಳೆ ಕಾಣ್ತೈತೆ ನೋಡು ಅಂಜನ್."

ಅಂಜನ್ ಗೋಡೆ ನೋಡಿದ. ಗೋಡೆಯ ಮೇಲೆ ನಾಲ್ಕು ಮೊಳೆಗಳಿದ್ದವು, ಮೊಳೆಗಳ ನಡುವೆ ಸುಣ್ಣ ಕಂದದ ಒಂದು ಬಿಳಿ ಚೌಕ ಇತ್ತು.

"ಯಾವ ಬಣ್ಣ ಕಾಣ್ತೈತೆ ಚಾಚಾ?" ಬಬ್ಲು ಕೇಳಿದ.

"ಕೆಂಪು. ಯಾಕ್ಲೇ?"

"ಜರಿ ಎಷ್ಟು ಮೊನೆ ಐತೆ?"

"ಹನ್ನೊಂದು."

ಆಗ ಮೊದಲು ನಕ್ಕವನು ಓಬಯ್ಯ. ಬಬ್ಲು ಜೇಬಿನಿಂದ ರೇಷ್ಮೆಯ ತುಂಡನ್ನು ತೆಗೆದು ನನ್ನೇಸಾಬರ ಅಂಗೈ ಮೇಲೆ ಇಟ್ಟ. "ಇದೇನು ಹೇಳ್ರಿ. ಮುಟ್ಟಿ ಹೇಳ್ರಿ, ನಿಮಗೆ ಅದೇ ಸಲೀಸು."

ಬೆರಳು ಜರಿಯ ಮೊನೆಗಳ ಮೇಲೆ ಒಂದರಿಂದ ಹನ್ನೊಂದರವರೆಗೆ ಹೋಯಿತು. ಹನ್ನೊಂದೂ ಇದ್ದವು. ನನ್ನೇಸಾಬರು ಅದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಈಗ ಎಲ್ಲರೂ ನಗುತ್ತಿದ್ದರು. ನಮ್ಮೂರಿನವರು ನಗುವುದಕ್ಕೆ ಕೂತರೆ ಅರ್ಧಕ್ಕೆ ಏಳುವವರಲ್ಲ. ಯಾರೋ ಎರಡು ಬೆರಳು ಎತ್ತಿ "ಎಷ್ಟು ಚಾಚಾ?" ಎಂದರು. ಯಾರೋ "ನನ್ನ ಮದ್ವೆ ಫೋಟೋನೂ ಹಿಂಗೇ ಸರಿ ಮಾಡಿದ್ರೇನೋ, ನನ್ನ ಹೆಂಡ್ತಿ ಇನ್ನೂ ಬೈತಾಳೆ" ಎಂದರು. ಆ ಗದ್ದಲದಲ್ಲಿ ನನ್ನೇಸಾಬರ ಕಿವಿ ಒಂದೇ ಒಂದು ನಗುವನ್ನು ಹುಡುಕುತ್ತಿತ್ತು. ಸಿಕ್ಕಿತು. ಕೌಂಟರಿನ ಹಿಂದಿನಿಂದ, ತೊಟ್ಟಿಲಿನಿಂದಲೇ ಗೊತ್ತಿದ್ದ ನಗು.

"ಅಂಜನ್," ಎಂದರು. "ರೀಲು ಒಳಗೇ ಐತಲ್ಲ? ತಗೋ. ಯಾವ್ದಾದ್ರೂ ನೋಡಿ ಒತ್ತು."

ಅಂಜನ್‌ಗೆ ಮುಖ ಎಲ್ಲಿಡಬೇಕೋ ತಿಳಿಯದಾಗಿತ್ತು. ಕ್ಯಾಮೆರಾ ಸಿಕ್ಕಿದ್ದೇ ಅದರ ಹಿಂದೆ ಇಟ್ಟುಕೊಂಡ. ಇಟ್ಟ ಮೇಲೆ ಏನಾದರೂ ಮಾಡಬೇಕಲ್ಲ, ಉಂಗುರ ತಿರುಗಿಸಿ ಒತ್ತಿದ. ಕನ್ನಡಿ ಎದ್ದಿತು, ಬಿತ್ತು. ಎಲ್ಲೂ ತಗುಲಲಿಲ್ಲ, ತಡೆಯಲಿಲ್ಲ. ಆ ಸದ್ದನ್ನು ಕೇಳಿ ರಿಪೇರಿ ಸರಿಯಾಗಿದೆ ಎಂದು ತಿಳಿದವರು ಅಂಗಡಿಯಲ್ಲಿ ಒಬ್ಬರೇ, ಅವರ ಮಾತಿಗೆ ಬೆಲೆ ಹೋಗಿ ಎರಡು ನಿಮಿಷ ಆಗಿತ್ತು.

"ಸರಿ ಐತೆ ಅದು," ಎಂದರು.

"ಬೆಂಗಳೂರಿನಾಗೆ ಒಂದ್ಸಲ ತೋರಿಸ್ತೀನಿ ಚಾಚಾ," ಎಂದ ಅಂಜನ್, ಟವೆಲ್ಲು ಸುತ್ತುತ್ತ. "ತಪ್ಪು ತಿಳ್ಕೋಬ್ಯಾಡ್ರಿ."

ಮಂಗಳವಾರ ಸೂರಪ್ಪ ಅಳತೆ ಟೇಪು ತಂದ. ತೇಗ ಚೆನ್ನಾಗಿದೆ, ಎಸೆಯುವುದು ಬೇಡ, ಕೌಂಟರಿಗೇ ಆಗುತ್ತದೆ ಎಂದು ಟೇಬಲ್ಲನ್ನು ಅಲ್ಲೇ ಕೊಯ್ದ. ದಿಮ್ಮಿ ಮಾತ್ರ ಯಾವುದಕ್ಕೂ ಆಗಲಿಲ್ಲ. ಅದು ಓಬಯ್ಯನ ಟೀ ಅಂಗಡಿಯಲ್ಲಿ ಬೆಂಚು ಅಲುಗಾಡದ ಹಾಗೆ ಕಾಲಿನ ಕೆಳಗೆ ಕೂತಿತು. "ಕಣ್ಣು ಹೋಗಿದ್ದು ನನಗೇ ಹೇಳ್ಬಾರ್ದಿತ್ತೇ ಅಬ್ಬಾ?" ಎಂದು ಅಸ್ಲಂ ಒಂದು ಸಲ ಕೇಳಿದ. ನಿಜವಾಗಿಯೂ ನೊಂದು ಕೇಳಿದ. ಮೊಳೆಯಿಂದ ಅಂಚು ಬಿಚ್ಚುವಾಗ ಬಬ್ಲುವಿಗೆ ಸ್ಟೂಲು ಕೊಟ್ಟವನು ಯಾರು ಎಂದು ನನ್ನೇಸಾಬರು ಕೇಳಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು.

ಎರಡು ತಿಂಗಳು ಅವರು ಮನೆಯ ಜಗಲಿಯ ಮೇಲೆ ಕೂತರು. ಮೂರನೆಯ ತಿಂಗಳ ಒಂದು ಬೆಳಿಗ್ಗೆ, ಮೊಳಕಾಲ್ಮೂರಿಗೆ ಹೋಗೋಣ ಎಂದರು. ಫಾತಿಮಾ ಬೀ ಬುರ್ಖಾ ಹಾಕಿಕೊಂಡರು. ಬಸ್ಸಿನಲ್ಲಿ ಸಾಬರು ಡ್ರೈವರನ ಪಕ್ಕದ ಸೀಟು ಕೇಳಿ ಪಡೆದರು.

ಜಂಪಣ್ಣನ ಹೆಂಡತಿ ಕರಿಯಕ್ಕ ಮಗ್ಗದಿಂದ ಎದ್ದು ಬಂದಳು. "ರಾಂಡಿ, ರಾಂಡಿ, ಕೂಕೋರಿ ಸಾಬ್ರೇ," ಎಂದು ಅರ್ಧ ತೆಲುಗಿನಲ್ಲಿ ಬರಮಾಡಿಕೊಂಡು ಚಾಪೆ ಹಾಸಿದಳು. ಅಂಜನ್ ಕೆಲಸಕ್ಕೆ ಹೋಗಿದ್ದ. ಫೋಟೋ ತೊಳೆಸಿದ್ದಾನೆಯೇ ಎಂದು ನನ್ನೇಸಾಬರು ಕೇಳಿದರು.

"ಬಂದಾವೆ. ಬೆಂಗಳೂರಾಗೆ ಯಾರೋ ನೋಡಿ, ಕ್ಯಾಮೆರಾ ಚೆಂದಾಗೈತೆ, ಇದಕ್ಕೇನೂ ಮಾಡೋದು ಬ್ಯಾಡ ಅಂದ್ರಂತೆ." ಕರಿಯಕ್ಕ ಗೂಡಿನಿಂದ ಒಂದು ಲಕೋಟೆ ತೆಗೆದಳು. "ಒಂದು ಫೋಟೋ ಐತೆ. ನಿಮಗೆ ತೋರಿಸ್ಬ್ಯಾಡ ಅಂದವ್ನೆ."

"ನನಗೆ ಕಾಣಲ್ಲ ತಾಯಿ. ಕೊಡು."

ಕರಿಯಕ್ಕ ಕೊಟ್ಟಳು. ನನ್ನೇಸಾಬರು ಅದನ್ನು ಅಂಚು ಹಿಡಿದು ತೆಗೆದುಕೊಂಡು, ಬೆರಳು ತಾಗಿಸದೆ, ಫಾತಿಮಾ ಬೀಗೆ ದಾಟಿಸಿದರು. "ಸಾಫ್ ಹೈ?"

ಫಾತಿಮಾ ಬೀ ನೋಡಿದರು. ಫೋಟೋದ ಒಂದು ಪಕ್ಕದಲ್ಲಿ ಅವರ ಗಂಡ ಮಡಿಸಿದ ಬಟ್ಟೆಯ ತುಂಡು ಹಿಡಿದು, ಯಾರೂ ಇಲ್ಲದ ಕಡೆಗೆ ಮುಖ ಮಾಡಿ ನಿಂತಿದ್ದರು. ಸುತ್ತಲೂ ಬಾಯಿಗಳು. ನಡುವೆ, ಅಂಜನ್ ಉಂಗುರ ತಿರುಗಿಸಿ ಕೂಡಿಸಿದ ಜಾಗದಲ್ಲಿ, ಒಂದು ಮುಖ ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿತ್ತು.

"ಸಾಫ್ ಇದೆ," ಎಂದರು ಉರ್ದುವಿನಲ್ಲಿ. "ಒಂದೊಂದು ಹಲ್ಲೂ ಎಣಿಸಬಹುದು."

"ಯಾರದು?"

ಒಳಗೆ ಮಗ್ಗದ ಹಗ್ಗವೊಂದು ತೂಗಾಡುತ್ತಿತ್ತು. ಫಾತಿಮಾ ಬೀ ಅದು ನಿಲ್ಲುವ ತನಕ ನೋಡಿದರು.

"ಅಸ್ಲಂದು."

ನನ್ನೇಸಾಬರು ತಲೆಯಾಡಿಸಿದರು. ಫೋಟೋವನ್ನು ದೊಡ್ಡದು ಮಾಡಿಸಿ ಕೊಡಬೇಕೆಂದು ಅಂಜನ್‌ಗೆ ಹೇಳಲು ಕರಿಯಕ್ಕನಿಗೆ ಹೇಳಿ, ಮಜ್ಜಿಗೆ ಕುಡಿದು, ವಾಪಸು ಬಸ್ಸು ಹತ್ತಿದರು.

ಈಗ ಆ ಫೋಟೋ ಕಟ್ಟು ಹಾಕಿಸಿಕೊಂಡು, ಅಸ್ಲಂ ಮೊಬೈಲ್ಸಿನ ಗೋಡೆಯ ಮೇಲೆ ಅದೇ ನಾಲ್ಕು ಮೊಳೆಗಳ ನಡುವೆ ಇದೆ. ತೂಗುಹಾಕಿದ ದಿನ ಅಂಗಡಿ ತುಂಬ ಗಿರಾಕಿಗಳಿದ್ದರು. "ನನ್ನ ಕೊನೇ ರಿಪೇರಿ, ಇಲ್ಲೇ ಇರ್ಲಿ" ಎಂದು ಮುದುಕ ಎಲ್ಲರ ಎದುರಿಗೆ ಕೇಳಿದರೆ ಬೇಡ ಎನ್ನಲು ಮಗನಿಗೆ ಬಾಯಿ ಬರಲಿಲ್ಲ. ಬಬ್ಲು ಈಗ ಮಧ್ಯಾಹ್ನದ ಹೊತ್ತು ತನ್ನ ಅಂಗಡಿಯಲ್ಲೇ ಕೂರುತ್ತಾನೆ.

ನನ್ನೇಸಾಬರು ದಿನಾ ಬರುತ್ತಾರೆ. ಅಸರ್ ಮುಗಿಸಿಕೊಂಡು, ಹೊಸ್ತಿಲನ್ನು ಈಗ ಮುಚ್ಚುಮರೆಯಿಲ್ಲದೆ ಕೋಲಿನಿಂದ ತಟ್ಟಿ ಹತ್ತಿ, ಮೊದಲು ಟೇಬಲ್ಲಿದ್ದ ಜಾಗದಲ್ಲಿ ನಿಲ್ಲುತ್ತಾರೆ. ಚಾರ್ಜರಿಗೆ ಬಂದವರನ್ನು, ಗಾಜು ಅಂಟಿಸಲು ಬಂದವರನ್ನು ಮಾತಿಗೆ ಎಳೆಯುತ್ತಾರೆ.

"ಆ ಗೋಡೆ ಮ್ಯಾಲೆ ಫೋಟೋ ಐತಲ್ಲ. ಇಲ್ಲಿಂದ ಆರಡಿ. ನಡುವೆ ನಗ್ತಾವ್ನಲ್ಲ, ಅವನ ಹಲ್ಲು ಕಾಣ್ತಾವಾ?"

"ಕಾಣ್ತಾವೆ ಚಾಚಾ."

"ಎಣಿಸು."

ಜನ ಎಣಿಸುತ್ತಾರೆ. ನಮ್ಮೂರಿನವರಿಗೆ ಬೇರೆ ಕೆಲಸವಾದರೂ ಏನು? ಎಣಿಸುತ್ತ ಎಣಿಸುತ್ತ ಅರ್ಧಕ್ಕೆ ನಿಲ್ಲಿಸಿ ಕೌಂಟರಿನ ಕಡೆ ತಿರುಗಿ, "ನೀವೇ ಅಲ್ವೇನ್ರಿ ಇದು?" ಎನ್ನುತ್ತಾರೆ. ಹದಿಮೂರು ಎಂದವರಿದ್ದಾರೆ, ಹದಿನಾಲ್ಕು ಎಂದವರಿದ್ದಾರೆ. ಮೊನ್ನೆ ರಾಂಪುರದ ಒಬ್ಬ ಹೆಂಗಸು ಫೋಟೋದ ಹತ್ತಿರಕ್ಕೇ ಹೋಗಿ ನೋಡಿ, "ಹದಿನಾಲ್ಕು. ಒಂದು ಹುಳುಕು ಹತ್ತೈತೆ" ಎಂದಳು.

"ಮ್ಯಾಲಿನ ಸಾಲೋ, ಕೆಳಗಿನ ಸಾಲೋ?" ನನ್ನೇಸಾಬರು ಕೇಳಿದರು.

"ಮ್ಯಾಲಿಂದು. ಎಡಗಡೆ."

ಅಸ್ಲಂ ಬಾಯಿ ಮುಚ್ಚಿಕೊಂಡು ಅವಳ ಮೊಬೈಲಿಗೆ ಗಾಜು ಅಂಟಿಸುತ್ತಿದ್ದ. ನಡುವೆ ಒಂದು ಗುಳ್ಳೆ ನಿಂತಿತು. ಉಗುರಿನಿಂದ ಒತ್ತಿದ, ಅದು ಅಂಚಿನ ಕಡೆ ಸರಿಯಿತು, ಹೊರಗೆ ಮಾತ್ರ ಹೋಗಲಿಲ್ಲ.

"ಇನ್ನೊಂದ್ಸಲ ಎಣಿಸವ್ವ," ಎಂದರು ನನ್ನೇಸಾಬರು. "ನಿಧಾನಕ್ಕೆ."